ಬಿಸಿಲಿಗೆ ಗಾಡಿ ಜಗ್ಗವಲ್ದು: ಟರ್ಬೊ ಪಿಕಪ್‌ಗೆ ದೊಡ್ಡ ಇಂಟರ್‌ಕೂಲರ್ ಹಾಕುವ ಮೊದಲು, ಹಾಕಿದ ಮೇಲೆ ದೋಷ ಹುಡುಕುವ ಕೈಪಿಡಿ

ಏಪ್ರಿಲ್ ಬಂತೆಂದರೆ ಕಲಬುರಗಿಯ ಗ್ಯಾರೇಜುಗಳಿಗೆ ಒಂದೇ ದೂರು ಬರುತ್ತದೆ. ಬೆಳಿಗ್ಗೆ ಚೆನ್ನಾಗಿ ಓಡಿದ ಪಿಕಪ್ ಮಧ್ಯಾಹ್ನ ಲೋಡ್ ಹಾಕಿಕೊಂಡು ಏರು ಹತ್ತುವಾಗ ಸುಸ್ತಾಗುತ್ತದೆ. "ಅಣ್ಣಾರ, ಹನ್ನೆರಡು ಹೊಡೀತಂದ್ರ ಗಾಡಿ ಜಗ್ಗವಲ್ದು. ದೊಡ್ಡ ಇಂಟರ್‌ಕೂಲರ್ ಕುಂದ್ರಿಸಿಬಿಡ್ರಿ." ಮಾಲೀಕರು ರೋಗವನ್ನೂ ಹೇಳಿ ಔಷಧಿಯನ್ನೂ ತಾವೇ ಬರೆದುಕೊಂಡು ಬಂದಿರುತ್ತಾರೆ. ಇಂಜಿನ್‌ಗೆ ಗಾಳಿ ಒತ್ತಿ ತುಂಬುವುದು ಟರ್ಬೊ; ಒತ್ತಿ ಬಿಸಿಯಾದ ಆ ಗಾಳಿಯನ್ನು ನಡುದಾರಿಯಲ್ಲಿ ತಣಿಸುವ, ರೇಡಿಯೇಟರ್‌ನಂಥ ಭಾಗವೇ ಇಂಟರ್‌ಕೂಲರ್.

ದೊಡ್ಡ ಇಂಟರ್‌ಕೂಲರ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಸರಿಯಾದ ಗಾಡಿಗೆ ಸರಿಯಾಗಿ ಹಾಕಿದರೆ ಅದು ಕೆಲಸ ಮಾಡುತ್ತದೆ. ಆದರೆ ಎರಡು ಅಳತೆ ತೆಗೆದುಕೊಳ್ಳದೆ ಅದನ್ನು ಕೊಳ್ಳಬೇಡಿ. ಒಂದು, ಇಂಟರ್‌ಕೂಲರ್‌ನಿಂದ ಹೊರಬರುವ ಗಾಳಿ ಹೊರಗಿನ ಹವಾಕ್ಕಿಂತ ಎಷ್ಟು ಬಿಸಿ ಇದೆ ಅನ್ನೋದು. ಎರಡು, ಟರ್ಬೊ ಒತ್ತಿದ ಗಾಳಿಯಲ್ಲಿ ಇಂಜಿನ್‌ಗೆ ಎಷ್ಟು ತಲುಪುತ್ತಿದೆ ಅನ್ನೋದು. ಈ ಎರಡು ಅಂಕಿ ಕೈಯಲ್ಲಿದ್ದರೆ ದುಡ್ಡು ಎಲ್ಲಿ ಹಾಕಬೇಕು ಅಂತ ತಾನಾಗಿ ಗೊತ್ತಾಗುತ್ತದೆ. ಬಹಳಷ್ಟು ಸಲ ಅದು ಹೊಸ ಇಂಟರ್‌ಕೂಲರ್‌ಗಲ್ಲ, ಒಂದು ಹೋಸ್ ಪೈಪಿಗೆ ಹೋಗುತ್ತದೆ.

ಬಿಸಿಲು ನಿಜವಾಗಿ ಎಷ್ಟು ಕಸಿಯುತ್ತದೆ

ಟರ್ಬೊ ಗಾಳಿಯನ್ನು ಒತ್ತುತ್ತದೆ. ಒತ್ತಿದರೆ ಗಾಳಿ ಬಿಸಿಯಾಗುತ್ತದೆ. ಹೊರಗೆ 42 ಡಿಗ್ರಿ ಇದ್ದಾಗ ಟರ್ಬೊ 1 ಬಾರ್ ಬೂಸ್ಟ್ (ಹೊರಗಿನ ಹವಾದ ಮೇಲೆ ಸೇರಿಸುವ ಒತ್ತಡ) ಕೊಟ್ಟರೆ ಅದರ ಬಾಯಿಂದ ಹೊರಬರುವ ಗಾಳಿ ಸುಮಾರು 140 ಡಿಗ್ರಿ ಇರುತ್ತದೆ. ಇದು ಟರ್ಬೊದ ದಕ್ಷತೆ 70% ಅಂತ ಹಿಡಿದು ಹಾಕಿದ ಲೆಕ್ಕ. ಡಿಸೆಂಬರ್‌ನ 28 ಡಿಗ್ರಿಯಲ್ಲಿ ಅದೇ ಬೂಸ್ಟಿಗೆ 120ರ ಆಸುಪಾಸು ಬರುತ್ತದೆ.

ಕಂಪನಿಯಿಂದ ಬಂದ ಇಂಟರ್‌ಕೂಲರ್ ಚೊಕ್ಕವಾಗಿದ್ದು, ಹೊರಗಿನ ಹವಾಕ್ಕಿಂತ ಜಾಸ್ತಿ ಇರುವ ಬಿಸಿಯಲ್ಲಿ 70% ತೆಗೆದುಹಾಕುತ್ತದೆ ಅಂದುಕೊಳ್ಳಿ. ಆಗ 140 ಇದ್ದದ್ದು 71ಕ್ಕೆ ಇಳಿಯುತ್ತದೆ. ದೊಡ್ಡ ಇಂಟರ್‌ಕೂಲರ್ ಹಾಕಿ ಅದನ್ನು 85%ಕ್ಕೆ ಏರಿಸಿದರೆ 57ಕ್ಕೆ ಇಳಿಯುತ್ತದೆ. 14 ಡಿಗ್ರಿ ಲಾಭ. ಕೇಳಲು ದೊಡ್ಡದು ಅನ್ನಿಸುತ್ತದೆ ಅಲ್ವಾ? ಆದರೆ ಇದರಿಂದ ಗಾಳಿಯ ಸಾಂದ್ರತೆ ಹೆಚ್ಚುವುದು 4% ಅಷ್ಟೇ. ಸೀಟಿನಲ್ಲಿ ಕೂತವರಿಗೆ ಈ 4% ಗೊತ್ತಾಗುವುದು ಕಷ್ಟ. ಏರಿನಲ್ಲಿ ಮೂರನೇ ಗೇರ್‌ನಿಂದ ಎರಡಕ್ಕೆ ಇಳಿಸಬೇಕಾದ ಗಾಡಿ ಈ 4%ಗೆ ಮೂರರಲ್ಲೇ ಹತ್ತಿಬಿಡುವುದಿಲ್ಲ.

ಅಂದರೆ ಮಧ್ಯಾಹ್ನ ಗಾಡಿ ಕಣ್ಣಿಗೆ ಕಾಣುವಷ್ಟು ಸೋಲುತ್ತಿದ್ದರೆ ಇಂಟರ್‌ಕೂಲರ್ ಚಿಕ್ಕದಾಗಿರುವುದು ಕಾರಣವಲ್ಲ. ಮತ್ತೇನೋ ಕೆಟ್ಟಿದೆ. ಕೆಟ್ಟಿರುವುದನ್ನು ಬಿಟ್ಟು ದೊಡ್ಡದು ಹಾಕಿದರೆ ಹರಿದ ಚೀಲಕ್ಕೆ ಜಾಸ್ತಿ ತೊಗರಿ ತುಂಬಿದ ಹಾಗೆ.

ಬಾನೆಟ್ ಎತ್ತುವ ಮೊದಲು ಕೇಳಬೇಕಾದ್ದು

ಗಾಡಿ ಓಡಿಸುವವರನ್ನು ಕೂರಿಸಿಕೊಂಡು ಸಮಾಧಾನದಿಂದ ಕೇಳಿ. ಮಾಲೀಕರು ಬೇರೆ, ಡ್ರೈವರ್ ಬೇರೆ ಆಗಿದ್ದರೆ ಡ್ರೈವರನ್ನೇ ಕೇಳಿ. ಅರ್ಧ ರೋಗ ಅವರ ಮಾತಿನಲ್ಲೇ ಸಿಗುತ್ತದೆ.

ಶಕ್ತಿ ಹೋಗುವುದು ಒಮ್ಮೆಲೇ ಹೋಗುತ್ತದಾ, ಮೆಲ್ಲಗೆ ಕರಗುತ್ತದಾ? ಒಮ್ಮೆಲೇ ಹೋಗಿ, ಚೆಕ್ ಲೈಟ್ ಬಂದು, ಗಾಡಿ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಸರಿ ಹೋಗುತ್ತದೆ ಅಂದರೆ ಅದು ಲಿಂಪ್ ಮೋಡ್. ಇಸಿಯು, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್, ಏನೋ ತಪ್ಪು ಕಂಡು ತಾನೇ ಶಕ್ತಿ ಕಡಿಮೆ ಮಾಡಿದೆ. ಸ್ಕ್ಯಾನರ್ ಹಾಕಿದರೆ ಕೋಡ್ ಸಿಗುತ್ತದೆ. ಪಿ0299 ಅಂದರೆ ಬೂಸ್ಟ್ ಬೇಕಾದಷ್ಟು ಬರುತ್ತಿಲ್ಲ ಅಂತ. ಪಿ0234 ಅಂದರೆ ಬೂಸ್ಟ್ ಮಿತಿ ಮೀರಿದೆ ಅಂತ. ಪಿ0087 ಬಂದರೆ ಇಂಟರ್‌ಕೂಲರ್ ಮಾತೇ ಬಿಡಿ. ಅದು ಇಂಜೆಕ್ಟರ್‌ಗಳಿಗೆ ಡೀಸೆಲ್ ಹಂಚುವ ಪೈಪಿನಲ್ಲಿ (ರೈಲ್) ಒತ್ತಡ ಕಡಿಮೆ ಅನ್ನುವ ಕೋಡ್. ಡೀಸೆಲ್ ಫಿಲ್ಟರ್‌ನಿಂದ ಶುರು ಮಾಡಿ.

ಲೋಡ್ ಹಾಕಿದರೆ ಬೆಳಿಗ್ಗೆ ಆರಕ್ಕೂ ಸೋಲುತ್ತದಾ? ಹೌದು ಅಂದರೆ ಬಿಸಿಲಿಗೆ ಸಂಬಂಧವಿಲ್ಲ. ಮಧ್ಯಾಹ್ನ ಎಸಿ ಹಾಕಿರುತ್ತಾರೆ, ಲೋಡ್ ಜಾಸ್ತಿ ಇರುತ್ತದೆ, ಅದಕ್ಕೆ ಆಗ ಜಾಸ್ತಿ ಗೊತ್ತಾಗುತ್ತದೆ ಅಷ್ಟೇ.

ಶಕ್ತಿ ಕಡಿಮೆಯಾಗುವಾಗ ಇಂಜಿನ್ ಟೆಂಪರೇಚರ್ ಮುಳ್ಳೂ ಮೇಲೆ ಹೋಗುತ್ತದಾ? ಹೋದರೆ ಮುಂದಿನ ಜಾಲರಿಯಿಂದ ಫ್ಯಾನ್‌ವರೆಗೆ ಗಾಳಿ ಹಾಯುವ ದಾರಿಯನ್ನು ಅನುಮಾನಿಸಿ.

ಹೊಗೆ ಬಗ್ಗೆಯೂ ಕೇಳಿ, ಆದರೆ ಗಾಡಿ ಯಾವ ವರ್ಷದ್ದು ನೋಡಿಕೊಂಡು ಕೇಳಿ. ಹಳೆಯ ಗಾಡಿಯಲ್ಲಿ ಗಾಳಿ ಸೋರಿದರೆ ಕರಿ ಹೊಗೆ ಎದ್ದು ಕಾಣುತ್ತದೆ. 2020ರ ಏಪ್ರಿಲ್ ನಂತರದ ಬಿಎಸ್6 ಗಾಡಿಗಳಲ್ಲಿ ಡಿಪಿಎಫ್ (ಹೊಗೆ ಸೋಸುವ ಫಿಲ್ಟರ್) ಇದ್ದರೆ ಆ ಮಸಿಯನ್ನು ಅದು ಹಿಡಿದುಕೊಳ್ಳುತ್ತದೆ. ಸೈಲೆನ್ಸರ್ ಚೊಕ್ಕವಾಗೇ ಕಾಣುತ್ತದೆ. ಅಂಥ ಗಾಡಿಯಲ್ಲಿ ಕೇಳಬೇಕಾದ್ದು ಬೇರೆ: ಡಿಪಿಎಫ್ ಲೈಟ್ ಮೊದಲಿಗಿಂತ ಬೇಗ ಬೇಗ ಬರುತ್ತಿದೆಯಾ? ಬರುತ್ತಿದ್ದರೆ ಗಾಳಿ ಸೋರಿಕೆಯೂ ಅದಕ್ಕೆ ಕಾರಣ ಇರಬಹುದು. ಸೋರಿಕೆ ನೋಡದೆ ಸುಮ್ನೆ ಡಿಪಿಎಫ್ ತೊಳೆಸಿದರೆ ಸ್ವಲ್ಪ ದಿನಕ್ಕೆ ಮತ್ತೆ ಅದೇ ಕಥೆ.

ಸ್ಕ್ಯಾನರ್‌ನಲ್ಲಿ ಏನು ನೋಡಬೇಕು

ದೊಡ್ಡ ಸ್ಕ್ಯಾನರ್ ಇಲ್ಲದಿದ್ದರೆ ಬ್ಲೂಟೂತ್ ಅಡಾಪ್ಟರ್ ಮತ್ತು ಮೊಬೈಲ್ ಆಪ್ ಸಾಕು. ಮೊದಲು ಇಂಜಿನ್‌ಗೆ ಹೋಗುವ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಸತ್ಯ ಹೇಳುತ್ತಿದೆಯಾ ನೋಡಿ. ಕೀ ಆನ್ ಮಾಡಿ, ಇಂಜಿನ್ ಸ್ಟಾರ್ಟ್ ಮಾಡಬೇಡಿ. ಆಗ ಅದು ಹೊರಗಿನ ಹವಾದ ಒತ್ತಡವನ್ನೇ ತೋರಿಸಬೇಕು. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದೆ. ಇಲ್ಲಿ 95ರಿಂದ 97 ಕಿಲೋಪಾಸ್ಕಲ್ ಬಂದರೆ ಸರಿ. ಬೀದರ್ ಇನ್ನೂ ಎತ್ತರ, ಅಲ್ಲಿ ಎರಡು ಮೂರು ಅಂಕಿ ಕಡಿಮೆ ಬರುತ್ತದೆ. ಯಾದಗಿರಿ ತಗ್ಗು, ಅಲ್ಲಿ ಒಂದು ಅಂಕಿ ಜಾಸ್ತಿ. ಇಲ್ಲಿ ನಿಂತ ಗಾಡಿ 85 ಅಥವಾ 110 ತೋರಿಸಿದರೆ ಸೆನ್ಸರ್ ಅಥವಾ ಅದರ ವೈರಿಂಗ್ ಕೆಟ್ಟಿದೆ. ಸೆನ್ಸರ್ ತುದಿಗೆ ಎಣ್ಣೆ ಮಸಿ ಮೆತ್ತಿಕೊಂಡಿರುವುದೂ ಉಂಟು. ಅದನ್ನು ಸರಿ ಮಾಡದೆ ಮುಂದಿನ ಯಾವ ಅಳತೆಯನ್ನೂ ನಂಬಬೇಡಿ.

ಆಮೇಲೆ ರೋಡಿಗೆ ಹೋಗಿ. ಲೋಡ್ ಇರಲೇಬೇಕು, ಖಾಲಿ ಗಾಡಿಯಲ್ಲಿ ಟರ್ಬೊ ಪೂರ್ತಿ ಕೆಲಸ ಮಾಡುವುದಿಲ್ಲ. ಬಿಸಿಲೂ ಇರಬೇಕು. ಹುಮನಾಬಾದ್ ರಸ್ತೆಯಲ್ಲಿ ಕಮಲಾಪುರದ ಕಡೆ ಹೋದರೆ ಬೇಕಾದಷ್ಟು ಏರು ಸಿಗುತ್ತದೆ. ಮೂರನೇ ಗೇರ್, 1500 ಆರ್‌ಪಿಎಂ, ಅಲ್ಲಿಂದ ಆಕ್ಸಿಲರೇಟರ್ ಪೂರ್ತಿ ಒತ್ತಿ 3000 ದಾಟುವವರೆಗೆ. ಓಡಿಸುವವರು ರಸ್ತೆ ನೋಡಲಿ, ಮೊಬೈಲ್ ಪಕ್ಕದವರ ಕೈಯಲ್ಲಿರಲಿ. ಇದರಲ್ಲಿ ರಾಜಿ ಬೇಡ.

ಇಸಿಯು ಕೇಳಿದ ಬೂಸ್ಟ್ ಎಷ್ಟು, ನಿಜವಾಗಿ ಬಂದದ್ದೆಷ್ಟು, ಎರಡನ್ನೂ ಒಟ್ಟಿಗೆ ರೆಕಾರ್ಡ್ ಮಾಡಿ. ಕೇಳಿದ್ದು 210 ಕಿಲೋಪಾಸ್ಕಲ್, ಬಂದದ್ದು 205 ಅಂದರೆ ಗಾಳಿ ತಲುಪುತ್ತಿದೆ. ಕೇಳಿದ್ದು 210, ಬಂದದ್ದು 160 ಅಂದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಟರ್ಬೊ ಒತ್ತುತ್ತಿಲ್ಲ. ಮ್ಯಾಪ್ ತೋರಿಸುವುದು ಒಟ್ಟು ಒತ್ತಡ ಅನ್ನೋದು ನೆನಪಿರಲಿ. 196 ಬಂದರೆ ಅದರಲ್ಲಿ 96 ಹೊರಗಿನ ಹವಾ, 100 ಮಾತ್ರ ಬೂಸ್ಟ್. ಡ್ಯಾಶ್‌ಬೋರ್ಡ್‌ಗೆ ಹಾಕುವ ಬೂಸ್ಟ್ ಗೇಜು ಹೊರಗಿನ ಹವಾ ಕಳೆದು ತೋರಿಸುತ್ತದೆ. ಈ ಎರಡನ್ನು ಹೋಲಿಸಿ ಗಾಬರಿಯಾಗುವವರು ಬಹಳ.

ಗಾಳಿಯ ಉಷ್ಣತೆಯಲ್ಲಿ ಇನ್ನೊಂದು ಗೊಂದಲ ಇದೆ. ಬಹಳಷ್ಟು ಗಾಡಿಗಳಲ್ಲಿ ಗಾಳಿಯ ಉಷ್ಣತೆ ಅಳೆಯುವ ಸೆನ್ಸರ್ ಎರಡು. ಒಂದು ಏರ್ ಫಿಲ್ಟರ್ ಪಕ್ಕ, ಒಳಹೋಗುವ ಗಾಳಿಯ ಪ್ರಮಾಣ ಅಳೆಯುವ ಮಾಫ್ ಸೆನ್ಸರ್ ಒಳಗೆ ಕೂತಿರುತ್ತದೆ. ಇನ್ನೊಂದು ಇಂಟರ್‌ಕೂಲರ್ ಆದ ಮೇಲಿನ ಪೈಪಿನಲ್ಲಿ, ಸಾಮಾನ್ಯವಾಗಿ ಮ್ಯಾಪ್ ಜೊತೆಗೇ ಇರುತ್ತದೆ. ಆಪ್‌ನಲ್ಲಿ ಬರೀ 'ಇನ್‌ಟೇಕ್ ಟೆಂಪರೇಚರ್' ಅಂತ ಒಂದೇ ಅಂಕಿ ಬಂದರೆ ಅದು ಯಾವುದು ಅಂತ ಖಾತ್ರಿ ಮಾಡಿಕೊಳ್ಳಿ. ಏರು ಹತ್ತುವಾಗ ಬೂಸ್ಟ್ ಬಂದರೂ ಆ ಅಂಕಿ 45ರಲ್ಲೇ ಕೂತಿದ್ದರೆ ಅದು ಏರ್ ಫಿಲ್ಟರ್ ಪಕ್ಕದ್ದು. ಅದನ್ನು ನೋಡಿ "ಇಂಟರ್‌ಕೂಲರ್ ಬಹಳ ಚೆನ್ನಾಗಿದೆ" ಅನ್ನೋ ತೀರ್ಮಾನಕ್ಕೆ ಬರಬೇಡಿ.

ಇಂಟರ್‌ಕೂಲರ್ ಆದ ಮೇಲಿನ ಸೆನ್ಸರ್ ಸಿಕ್ಕಿತು ಅಂತಿಟ್ಟುಕೊಳ್ಳಿ. ಲೋಡ್‌ನಲ್ಲಿ, ಗಾಡಿ ಓಡುತ್ತಿರುವಾಗ, ಅದು ಹೊರಗಿನ ಹವಾಕ್ಕಿಂತ 15ರಿಂದ 30 ಡಿಗ್ರಿ ಜಾಸ್ತಿ ಇದ್ದರೆ ಇಂಟರ್‌ಕೂಲರ್ ತನ್ನ ಕೆಲಸ ಮಾಡುತ್ತಿದೆ. 40 ದಾಟಿದರೆ ಮಾಡುತ್ತಿಲ್ಲ. ಟ್ರಾಫಿಕ್‌ನಲ್ಲಿ ನಿಂತಾಗಿನ ಅಂಕಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ, ಆಗ ಗಾಳಿಯೇ ಹಾಯುವುದಿಲ್ಲ.

ಸೆನ್ಸರ್ ಇಲ್ಲದ ಗಾಡಿಯಲ್ಲಿ ಲೇಸರ್ ಥರ್ಮಾಮೀಟರ್ ಹಿಡಿಯುತ್ತಾರೆ. ಹೊಳೆಯುವ ಅಲ್ಯೂಮಿನಿಯಂ ಮೇಲೆ ಅದು ಸುಳ್ಳು ಹೇಳುತ್ತದೆ, ನಿಜಕ್ಕಿಂತ ಬಹಳ ಕಡಿಮೆ ತೋರಿಸುತ್ತದೆ. ಒಂದು ತುಂಡು ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ ಅದರ ಮೇಲೆ ಹಿಡಿಯಿರಿ. ಒಳಹೋಗುವ ಪೈಪು, ಹೊರಬರುವ ಪೈಪು, ಎರಡಕ್ಕೂ ಹಾಗೇ ಮಾಡಿ.

ಉಷ್ಣತೆ ಜಾಸ್ತಿ ಇದ್ದರೆ: ಮುಂಭಾಗ ಬಿಚ್ಚಿ ನೋಡಿ

ನಮ್ಮ ಕಡೆ ಇಂಟರ್‌ಕೂಲರ್ ಮೊದಲು ಸೋಲುವುದು ಧೂಳಿಗೆ. ಸೇಡಂ, ವಾಡಿ ಕಡೆ ಓಡುವ ಗಾಡಿಗೆ ಸಿಮೆಂಟ್ ಧೂಳು. ಶಹಾಬಾದ್ ಕಡೆ ಪರಶಿ ಕಲ್ಲಿನ ಪುಡಿ. ಬೀದರ್ ಕಡೆಯಿಂದ ಬರುವ ಗಾಡಿಯ ಮುಖದಲ್ಲಿ ಕೆಂಪು ಮಣ್ಣು, ಜೇವರ್ಗಿ ಕಡೆಯದ್ದರಲ್ಲಿ ಎರೆ ಮಣ್ಣು. ಇವೆಲ್ಲಕ್ಕಿಂತ ಕೆಟ್ಟದ್ದು ತೊಗರಿ ಹೊಟ್ಟು. ಡಿಸೆಂಬರ್, ಜನವರಿಯಲ್ಲಿ ರಾಶಿ ಶುರುವಾದಾಗ ರಸ್ತೆ ಮೇಲೆ ಬೆಳೆ ಹರಡಿರುತ್ತಾರೆ, ಗಾಡಿಗಳು ಅದರ ಮೇಲೆ ಹಾಯುತ್ತವೆ. ಹಗುರ ಹೊಟ್ಟು ಜಾಲರಿ ದಾಟಿ ಒಳಗೆ ಹೋಗಿ ಇಂಟರ್‌ಕೂಲರ್ ಫಿನ್‌ಗಳಿಗೆ (ಬಿಸಿ ಬಿಡುವ ತೆಳು ತಗಡಿನ ಎಸಳುಗಳಿಗೆ) ಮೆತ್ತಿಕೊಳ್ಳುತ್ತದೆ. ಒಂದೆರಡು ಹನಿ ಎಣ್ಣೆಯೂ ಅಲ್ಲಿ ಒಸರಿದ್ದರೆ ಮುಗಿಯಿತು, ಕಂಬಳಿಯಂಥ ಪದರ ಆಗುತ್ತದೆ. ಏಪ್ರಿಲ್‌ನಲ್ಲಿ ಗಾಡಿ ಜಗ್ಗದಿರುವುದಕ್ಕೆ ಕಾರಣ ಜನವರಿಯಲ್ಲೇ ಒಳಗೆ ಸೇರಿರುತ್ತದೆ.

ಇದು ಮುಂದಿನಿಂದ ಕಾಣುವುದಿಲ್ಲ. ಇಂಟರ್‌ಕೂಲರ್ ಎದುರಿನ ಮುಖ ಚೊಕ್ಕವಾಗೇ ಇರಬಹುದು. ಇಂಟರ್‌ಕೂಲರ್, ಎಸಿ ಕಂಡೆನ್ಸರ್, ರೇಡಿಯೇಟರ್ ಒಂದರ ಹಿಂದೆ ಒಂದು ನಿಂತಿರುವ ಗಾಡಿಯಲ್ಲಿ ಹೊಟ್ಟು ಅವುಗಳ ಸಂದಿಯಲ್ಲಿ ಕೂತಿರುತ್ತದೆ. ಮೇಲಿನ ತಗಡು ಬಿಚ್ಚಿ, ಟಾರ್ಚ್ ಹಾಕಿ ಆ ಸಂದಿಯಲ್ಲಿ ಇಣುಕಿ. ಬೆರಳು ಹೋದರೆ ಕೆಳತುದಿಯಲ್ಲಿ ಗೀರಿ ನೋಡಿ. ಹೊಟ್ಟು, ಒಣ ಎಲೆ, ಸತ್ತ ಹುಳ, ಪ್ಲಾಸ್ಟಿಕ್ ಚೂರು ಕೈಗೆ ಬರುತ್ತವೆ.

ತೊಳೆಯುವಾಗ ಇಂಜಿನ್ ಕಡೆಯಿಂದ ಹೊರಗೆ ನೀರು ಬಿಡಿ. ಗಾಳಿ ಒಳಬಂದ ದಾರಿಯಲ್ಲೇ ಕಸ ವಾಪಸ್ ಹೋಗಬೇಕು. ಮುಂದಿನಿಂದ ಪ್ರೆಷರ್ ಹೊಡೆದರೆ ಹೊಟ್ಟು ಇನ್ನೂ ಒಳಗೆ ಹೋಗುತ್ತದೆ, ಫಿನ್‌ಗಳೂ ಮಡಚಿಕೊಳ್ಳುತ್ತವೆ. ವಾಟರ್ ಸರ್ವಿಸ್‌ನವರಿಗೆ ಇದನ್ನು ಬಾಯಿ ಬಿಟ್ಟು ಹೇಳಬೇಕು. ಕಾಸ್ಟಿಕ್ ಸೋಡಾ ಬೇಡವೇ ಬೇಡ, ಅದು ಅಲ್ಯೂಮಿನಿಯಂ ತಿನ್ನುತ್ತದೆ. ಸೋಪಿನ ನೀರು, ಮೆತ್ತನೆ ಬ್ರಷ್, ಸ್ವಲ್ಪ ತಾಳ್ಮೆ ಸಾಕು.

ಮುಂಭಾಗ ಚೊಕ್ಕವಾದ ಮೇಲೂ ಉಷ್ಣತೆ ಜಾಸ್ತಿ ಇದ್ದರೆ ಫ್ಯಾನ್ ನೋಡಿ. ಇಂಜಿನ್‌ನಿಂದಲೇ ತಿರುಗುವ ವಿಸ್ಕಸ್ ಫ್ಯಾನ್ ಇದ್ದರೆ ಗಾಡಿ ಬಿಸಿಯಾದ ಮೇಲೆ ಅದು ಜೋರಾಗಿ ಗಾಳಿ ಎಳೆಯಬೇಕು, ಶಬ್ದದಲ್ಲೇ ಗೊತ್ತಾಗುತ್ತದೆ. ಇಂಜಿನ್ ಆಫ್ ಮಾಡಿ, ಬಿಸಿ ಇರುವಾಗಲೇ ಕೈಯಿಂದ ತಿರುಗಿಸಿ. ಬಿಗಿ ಇರಬೇಕು. ಸುಮ್ನೆ ಗಿರ್ರನೆ ತಿರುಗಿದರೆ ಫ್ಯಾನಿನ ಕ್ಲಚ್ ಒಳಗಿನ ಸಿಲಿಕೋನ್ ಎಣ್ಣೆ ಹೋಗಿದೆ. ನಿಧಾನಕ್ಕೆ ಏರು ಹತ್ತುವಾಗ ಇಂಟರ್‌ಕೂಲರ್‌ಗೂ ಗಾಳಿ ಎಳೆಯುವುದು ಇದೇ ಫ್ಯಾನ್. ಹೆದ್ದಾರಿಯಲ್ಲಿ ಚೆನ್ನಾಗಿದ್ದು ಏರಿನಲ್ಲಿ ಮಾತ್ರ ಸೋಲುವ ಗಾಡಿಗೆ ಇದನ್ನು ತಪ್ಪದೆ ನೋಡಿ.

ಒತ್ತಡ ಕಡಿಮೆ ಇದ್ದರೆ: ಸೋರಿಕೆ ಹುಡುಕುವುದು

ಇಲ್ಲಿ ಅವಸರ ಮಾಡಬೇಡಿ. ಎಲ್ಲಕ್ಕಿಂತ ಹೆಚ್ಚು ಗಾಡಿಗಳು ವಾಸಿಯಾಗುವುದು ಈ ಹಂತದಲ್ಲೇ.

ಟರ್ಬೊದಿಂದ ಇಂಟರ್‌ಕೂಲರ್‌ಗೆ, ಅಲ್ಲಿಂದ ಇಂಜಿನ್‌ಗೆ ಹೋಗುವ ರಬ್ಬರ್ ಹೋಸ್‌ಗಳನ್ನು ಮೊದಲು ಕಣ್ಣಿಂದ ನೋಡಿ. ಒಣ ಜಾಗ ಅನುಮಾನ ಇಲ್ಲದ ಜಾಗ. ಕ್ಲಾಂಪ್ ಪಕ್ಕ ಒದ್ದೆ ಧೂಳು ಬೀಸಣಿಗೆ ಆಕಾರದಲ್ಲಿ ಹರಡಿ ಮೆತ್ತಿಕೊಂಡಿದ್ದರೆ ಅಲ್ಲಿಂದ ಗಾಳಿ ಹಾರುತ್ತಿದೆ. ಟರ್ಬೊ ಗಾಳಿಯ ಜೊತೆ ಸ್ವಲ್ಪ ಎಣ್ಣೆಯ ಆವಿ ಇದ್ದೇ ಇರುತ್ತದೆ, ಹೊರಬಂದ ಕಡೆ ನಮ್ಮೂರ ಧೂಳು ಅದಕ್ಕೆ ಅಂಟಿಕೊಳ್ಳುತ್ತದೆ. ಇದಕ್ಕಿಂತ ಒಳ್ಳೆಯ ಗುರುತು ಯಾವ ಸ್ಕ್ಯಾನರ್ ಕೂಡ ಕೊಡುವುದಿಲ್ಲ.

ಆಮೇಲೆ ಪ್ರತಿ ಹೋಸಿನ ಕೆಳಭಾಗಕ್ಕೆ ಕೈ ಹಾಕಿ. ಬಿರುಕು ಬಿಡುವುದು ಯಾವಾಗಲೂ ಕಾಣದ ಕಡೆಯೇ. ಬಾಗಿದ ಹೋಸಿನ ಒಳಮಗ್ಗುಲಲ್ಲಿ, ಇಂಜಿನ್ ಅಲುಗಾಡಿದಾಗ ಮಡಿಕೆ ಬೀಳುವ ಜಾಗದಲ್ಲಿ, ಉಗುರು ಎಳೆದಂಥ ಗೆರೆ ಸಿಗುತ್ತದೆ. ಇಂಜಿನ್ ನಿಂತಾಗ ಆ ಗೆರೆ ಮುಚ್ಚಿಕೊಂಡಿರುತ್ತದೆ. ಐಡ್ಲಿಂಗ್‌ನಲ್ಲೂ ಮುಚ್ಚಿಕೊಂಡೇ ಇರುತ್ತದೆ. ಬೂಸ್ಟ್ ಏರಿ ಹೋಸ್ ಉಬ್ಬಿದಾಗ ಮಾತ್ರ ಬಾಯಿ ಬಿಡುತ್ತದೆ. ಮಧ್ಯಾಹ್ನದ ಬಿಸಿಗೆ ರಬ್ಬರ್ ಮೆತ್ತಗಾಗಿ ಇನ್ನೂ ಅಗಲ ಬಿಡುತ್ತದೆ. 'ಬಿಸಿಲಿಗೆ ಗಾಡಿ ಜಗ್ಗವಲ್ದು' ಅನ್ನುವ ದೂರು ಅಕ್ಷರಶಃ ನಿಜವಾಗುವುದು ಹೀಗೆ. ಹೋಸನ್ನು ಕೈಯಲ್ಲಿ ಹಿಡಿದು ಬಗ್ಗಿಸಿ, ಹಿಗ್ಗಿಸಿ ನೋಡಿ. ಬಿಚ್ಚಿದಾಗ ಒಳಗೂ ಬೆರಳಾಡಿಸಿ. ಒಳಪದರ ಸುಲಿದು ಜೋತು ಬಿದ್ದಿದ್ದರೆ ಸೋರಿಕೆ ಇಲ್ಲದಿದ್ದರೂ ಗಾಳಿಗೆ ಅಡ್ಡ ನಿಲ್ಲುತ್ತದೆ.

ಕಣ್ಣಿಗೆ ಸಿಗದಿದ್ದರೆ ಒತ್ತಡ ಪರೀಕ್ಷೆ ಮಾಡಬೇಕು. ಟರ್ಬೊಗೆ ಗಾಳಿ ಹೋಗುವ ಬಾಯಿಗೆ ಬಿರಡೆ ಬೇಕು. ಲೇತ್ ಅಂಗಡಿಯಲ್ಲಿ ಅಲ್ಯೂಮಿನಿಯಂ ತುಂಡು ತಿರುಗಿಸಿ, ನಡುವೆ ರಂಧ್ರ ಹೊಡೆಸಿ, ಪಂಕ್ಚರ್ ಅಂಗಡಿಯಿಂದ ಟ್ಯೂಬ್‌ಲೆಸ್ ವಾಲ್ವ್ ತಂದು ಕೂರಿಸಿಕೊಳ್ಳಿ. ಪಿವಿಸಿ ಮುಚ್ಚಳ ಬಳಸುವವರಿದ್ದಾರೆ, ನನಗೆ ಅದು ಒಪ್ಪಿಗೆಯಿಲ್ಲ. ಒತ್ತಡದ ಗಾಳಿಗೆ ಪಿವಿಸಿ ಒಡೆದರೆ ಚೂರುಗಳು ಮುಖಕ್ಕೆ ಹಾರುತ್ತವೆ. ಗಾಳಿಯನ್ನು ರೆಗ್ಯುಲೇಟರ್ ಮೂಲಕವೇ ಬಿಡಿ, 15 ಪಿಎಸ್‌ಐಗಿಂತ ಮೇಲೆ ಹೋಗಬೇಡಿ. ಕಂಪ್ರೆಸರ್ ಪೈಪನ್ನು ನೇರವಾಗಿ ಚುಚ್ಚಿದರೆ ಸೀಲುಗಳು ಹೋಗುತ್ತವೆ. ಇಂಜಿನ್ ತಣ್ಣಗಿರಲಿ. ಎಣ್ಣೆ ಹಾಕುವ ಮುಚ್ಚಳ ತೆಗೆದಿಡಿ, ಕ್ರ್ಯಾಂಕ್‌ಕೇಸ್‌ನಲ್ಲಿ ಒತ್ತಡ ಕಟ್ಟಿಕೊಳ್ಳಬಾರದು. ಬಿರಡೆಯ ಎದುರು ನಿಲ್ಲಬೇಡಿ.

ಈಗ ಸೋಪಿನ ನೀರು. ಜೋಡಣೆಗಳಿಗೆ, ಹೋಸಿನ ಕೆಳಭಾಗಕ್ಕೆ, ಇಂಟರ್‌ಕೂಲರ್‌ನ ಎರಡೂ ಬದಿಗೆ ಸಿಂಪಡಿಸಿ. ಬಹಳಷ್ಟು ಗಾಡಿಗಳ ಇಂಟರ್‌ಕೂಲರ್‌ನಲ್ಲಿ ನಡುವಿನ ಭಾಗ ಅಲ್ಯೂಮಿನಿಯಂ, ಎರಡು ಬದಿಯ ಟ್ಯಾಂಕು ಪ್ಲಾಸ್ಟಿಕ್. ಎರಡನ್ನೂ ಮಡಚಿ ಹಿಡಿದಿರುವ ಅಂಚಿನಲ್ಲಿ ಗುಳ್ಳೆ ಎದ್ದರೆ ಒಳಗಿನ ಗ್ಯಾಸ್ಕೆಟ್ ಹೋಗಿದೆ. ಎಂ-ಸೀಲ್ ಮೆತ್ತಿದರೆ ನಿಲ್ಲುವುದಿಲ್ಲ. ಅನುಮಾನ ಉಳಿದರೆ ಇಂಟರ್‌ಕೂಲರನ್ನೇ ಬಿಚ್ಚಿ ರೇಡಿಯೇಟರ್ ಅಂಗಡಿಗೆ ಒಯ್ಯಿರಿ. ಎರಡೂ ಬಾಯಿ ಮುಚ್ಚಿ, ಗಾಳಿ ತುಂಬಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿ ನೋಡುತ್ತಾರೆ. ಎಲ್ಲಿ ಗುಳ್ಳೆ ಬಂತು ಅಂತ ನೀವೇ ನಿಂತು ನೋಡಿ.

ಇಂಜಿನ್ ಒಳಗಿನಿಂದ ಸ್ವಲ್ಪ ಗಾಳಿ ಹೋಗುವ ಸುಯ್ ಶಬ್ದ ಬಂದೇ ಬರುತ್ತದೆ, ಯಾವುದೋ ವಾಲ್ವ್ ತೆರೆದಿರುತ್ತದೆ. ಅದನ್ನು ಸೋರಿಕೆ ಅಂದುಕೊಳ್ಳಬೇಡಿ.

ಸೋರುವ ಗಾಡಿಯನ್ನು ಹಾಗೇ ಓಡಿಸಿದರೆ ಆಗುವ ನಷ್ಟ ಬರೀ ಶಕ್ತಿ ಕಡಿಮೆಯಾಗುವುದಲ್ಲ. ಕೇಳಿದಷ್ಟು ಬೂಸ್ಟ್ ಕೊಡಲು ಟರ್ಬೊ ಇನ್ನೂ ಜೋರಾಗಿ ತಿರುಗುತ್ತದೆ. ಈ ಚಿಕ್ಕ ಟರ್ಬೊಗಳು ಮಾಮೂಲಿಯಾಗೇ ನಿಮಿಷಕ್ಕೆ ಒಂದು ಲಕ್ಷ ಸುತ್ತು ದಾಟುವಂಥವು. ಅದರ ಮೇಲೆ ಇನ್ನೂ ಓಡಿಸಿದರೆ ಬೇರಿಂಗ್ ಎಷ್ಟು ದಿನ ತಡೆದೀತು? ಹೋಸಿನ ದುಡ್ಡು ಉಳಿಸಲು ಹೋಗಿ ಟರ್ಬೊ ಕಳೆದುಕೊಳ್ಳುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಏರ್ ಫಿಲ್ಟರ್‌ನಿಂದ ಟರ್ಬೊವರೆಗಿನ ಪೈಪನ್ನೂ ಮರೆಯಬೇಡಿ. ಅಲ್ಲಿ ಬಿರುಕು ಬಿಟ್ಟರೆ ಗಾಳಿ ಹೊರಗೆ ಹೋಗುವುದಿಲ್ಲ, ಸೋಸದ ಧೂಳು ಒಳಗೆ ಬರುತ್ತದೆ. ಟರ್ಬೊದ ಚಕ್ರದ ಅಂಚುಗಳು ಸವೆದು ಮೊಂಡಾಗುತ್ತವೆ. ಹಾಗಾದ ಚಕ್ರ ಗಾಳಿಯನ್ನು ಒತ್ತುವುದಕ್ಕಿಂತ ಜಾಸ್ತಿ ಬಿಸಿ ಮಾಡುತ್ತದೆ.

ಎಲ್ಲೂ ಸೋರಿಕೆ ಇಲ್ಲ, ಆದರೂ ಬೂಸ್ಟ್ ಇಲ್ಲ ಅಂದರೆ ಟರ್ಬೊದ ಬೂಸ್ಟ್ ಹತೋಟಿ ಮಾಡುವ ಆಕ್ಚುಯೇಟರ್, ಅದರ ವ್ಯಾಕ್ಯೂಮ್ ಹೋಸ್, ಆ ವ್ಯಾಕ್ಯೂಮ್ ಬಿಡುವ ಸೊಲೆನಾಯ್ಡ್ ವಾಲ್ವ್ ನೋಡಿ. ತೆಳ್ಳನೆಯ ವ್ಯಾಕ್ಯೂಮ್ ಹೋಸ್‌ಗಳು ಇಂಜಿನ್ ಬಿಸಿಗೆ ಒಣಗಿ ತುದಿಯಲ್ಲಿ ಸೀಳುತ್ತವೆ. ವ್ಯಾಕ್ಯೂಮ್ ಪಂಪೇ ಸೋತಿದ್ದರೆ ಬ್ರೇಕ್ ಪೆಡಲ್ ಕೂಡ ಗಟ್ಟಿಯಾಗಿರುತ್ತದೆ, ಅದು ಒಳ್ಳೆಯ ಸುಳಿವು.

ಎಣ್ಣೆ ಕಂಡರೆ

ಹೋಸ್ ಬಿಚ್ಚಿದಾಗ ಒಳಗೆ ತೆಳ್ಳಗೆ ಎಣ್ಣೆ ಸವರಿದಂತಿದ್ದರೆ ಸಹಜ. ಇಂಟರ್‌ಕೂಲರ್ ಬಗ್ಗಿಸಿದಾಗ ಎಣ್ಣೆ ಸುರಿದರೆ ಸಹಜ ಅಲ್ಲ. ಬ್ರೀದರ್ (ಇಂಜಿನ್ ಒಳಗಿನ ಆವಿ ಹೊರಬಿಡುವ ಪೈಪು) ಕಟ್ಟಿದೆಯಾ, ಟರ್ಬೊ ಸೀಲ್ ಹೋಗಿದೆಯಾ, ಇಂಜಿನ್ ಬ್ಲೋಬೈ ಹೊಡೆಯುತ್ತಿದೆಯಾ (ಪಿಸ್ಟನ್ ದಾಟಿ ಗ್ಯಾಸ್ ಕೆಳಗೆ ಬರುತ್ತಿದೆಯಾ) ಅಂತ ಹುಡುಕಿ. ಆ ಎಣ್ಣೆಯನ್ನು ಪೂರ್ತಿ ತೆಗೆಯದೆ ಗಾಡಿ ಓಡಿಸಬೇಡಿ. ಇಂಟರ್‌ಕೂಲರ್‌ನಲ್ಲಿ ನಿಂತ ಎಣ್ಣೆಯನ್ನು ಡೀಸೆಲ್ ಇಂಜಿನ್ ಒಮ್ಮೆಲೇ ಎಳೆದುಕೊಂಡರೆ ಅದನ್ನೇ ಇಂಧನ ಮಾಡಿಕೊಂಡು ಓಡುತ್ತದೆ, ಕೀ ತೆಗೆದರೂ ನಿಲ್ಲುವುದಿಲ್ಲ. ಇದು ಇಂಜಿನ್ ಒಡೆಯುವ ವಿಷಯ.

ಹಾಗಾದರೆ ದೊಡ್ಡದು ಯಾವಾಗ ಹಾಕಬೇಕು

ಸೋರಿಕೆ ಇಲ್ಲ, ಮುಂಭಾಗ ಚೊಕ್ಕವಾಗಿದೆ, ಫ್ಯಾನ್ ಸರಿ ಇದೆ, ಕೇಳಿದ ಬೂಸ್ಟ್ ಬರುತ್ತಿದೆ. ಆದರೂ ಲೋಡ್‌ನಲ್ಲಿ ಗಾಳಿ ಹೊರಗಿನ ಹವಾಕ್ಕಿಂತ 35, 40 ಡಿಗ್ರಿ ಜಾಸ್ತಿಯೇ ಉಳಿದಿದೆ. ಆಗ ಹಾಕಿ. ದಿನವೂ ಪೂರ್ತಿ ಲೋಡ್‌ನಲ್ಲಿ ಹುಮನಾಬಾದ್, ಹೈದರಾಬಾದ್ ಅಂತ ಮಧ್ಯಾಹ್ನವೇ ಓಡುವ ಗಾಡಿಗೆ ಇದು ಅರ್ಥವಿರುವ ಕೆಲಸ. ಹಳೆಯ ಇಂಟರ್‌ಕೂಲರ್‌ನ ಪ್ಲಾಸ್ಟಿಕ್ ಟ್ಯಾಂಕು ಸೀಳಿದ್ದು ಹೇಗೂ ಹೊಸದು ಬೇಕು ಅನ್ನುವವರಿಗೂ ಪೂರ್ತಿ ಅಲ್ಯೂಮಿನಿಯಂ ವೆಲ್ಡ್ ಆದದ್ದು ಒಳ್ಳೆಯ ಆಯ್ಕೆ.

ಅಂಗಡಿಯಲ್ಲಿ ಎರಡು ಬಗೆ ತೋರಿಸುತ್ತಾರೆ. ಬಾರ್ ಅಂಡ್ ಪ್ಲೇಟ್ ದಪ್ಪ, ಭಾರ, ಕಲ್ಲು ಬಿದ್ದರೂ ತಡೆಯುತ್ತದೆ, ಆದರೆ ಹಿಂದಿರುವ ರೇಡಿಯೇಟರ್‌ಗೆ ಗಾಳಿ ಕಡಿಮೆ ಬಿಡುತ್ತದೆ. ಟ್ಯೂಬ್ ಅಂಡ್ ಫಿನ್ ಹಗುರ, ಗಾಳಿ ಚೆನ್ನಾಗಿ ಹಾಯುತ್ತದೆ, ಪೆಟ್ಟಿಗೆ ನಾಜೂಕು. ರೇಡಿಯೇಟರ್ ಮುಂದೆಯೇ ಇಂಟರ್‌ಕೂಲರ್ ಕೂರುವ ಗಾಡಿಗೆ, ನಮ್ಮ ಬಿಸಿಲಿಗೆ, ನಾನು ಟ್ಯೂಬ್ ಅಂಡ್ ಫಿನ್ ಅನ್ನೇ ಹೇಳುತ್ತೇನೆ. ದಪ್ಪ ನೋಡಿ ಮರುಳಾಗಬೇಡಿ. ದಪ್ಪಕ್ಕಿಂತ ಅಗಲ, ಎತ್ತರ ಜಾಸ್ತಿ ಇರುವುದನ್ನು ಆರಿಸಿ.

ಹಾಕಿದ ಮೇಲೆ ಬರುವ ತೊಂದರೆಗಳು

ಹೊಸದು ಹಾಕಿದ ಮೇಲೆ ಇಂಜಿನ್ ಟೆಂಪರೇಚರ್ ಏರುತ್ತಿದ್ದರೆ ಗಾಳಿಯ ದಾರಿ ಕೆಟ್ಟಿದೆ. ಇಂಟರ್‌ಕೂಲರ್ ಮತ್ತು ರೇಡಿಯೇಟರ್ ನಡುವಿನ ಬದಿಯ ಸಂದಿಗಳನ್ನು ಫೋಮ್ ಪಟ್ಟಿಯಿಂದ ಮುಚ್ಚಿ. ಗಾಳಿ ಯಾವಾಗಲೂ ಸುಲಭದ ದಾರಿ ಹಿಡಿಯುತ್ತದೆ. ಬದಿಯಲ್ಲಿ ಸಂದಿ ಬಿಟ್ಟರೆ ಫಿನ್‌ಗಳನ್ನು ಬಿಟ್ಟು ಅಲ್ಲಿಂದಲೇ ನುಗ್ಗುತ್ತದೆ, ಆಗ ಇಂಟರ್‌ಕೂಲರೂ ತಣಿಯುವುದಿಲ್ಲ, ರೇಡಿಯೇಟರೂ ತಣಿಯುವುದಿಲ್ಲ. ಕಂಪನಿಯ ಪ್ಲಾಸ್ಟಿಕ್ ಗೈಡುಗಳನ್ನು "ಇದು ಬೇಡ" ಅಂತ ಕಿತ್ತು ಬಿಸಾಕಿದ್ದರೆ ಹುಡುಕಿ ತಂದು ಹಾಕಿ. ನಂಬರ್ ಪ್ಲೇಟು, ಫಾಗ್ ಲ್ಯಾಂಪು, ದೊಡ್ಡ ಕ್ರ್ಯಾಶ್ ಗಾರ್ಡು ಜಾಲರಿಗೆ ಅಡ್ಡ ಇವೆಯಾ ಅದನ್ನೂ ನೋಡಿ.

"ಮೊದಲಿಗಿಂತ ಲ್ಯಾಗ್ ಜಾಸ್ತಿ ಆಯಿತು" (ಆಕ್ಸಿಲರೇಟರ್ ಒತ್ತಿದ ಮೇಲೆ ಬೂಸ್ಟ್ ಬರುವುದು ತಡವಾಗುತ್ತಿದೆ) ಅನ್ನುವ ದೂರು ಬಂದರೆ ಜನ ಇಂಟರ್‌ಕೂಲರ್ ದೊಡ್ಡದಾಗಿದ್ದಕ್ಕೆ ಹಾಗೆ ಅನ್ನುತ್ತಾರೆ. ಲೆಕ್ಕ ಹಾಕಿ ನೋಡಿ. ಎರಡೂವರೆ ಲೀಟರ್ ಇಂಜಿನ್ 2000 ಆರ್‌ಪಿಎಂನಲ್ಲಿ ಸೆಕೆಂಡಿಗೆ ಸುಮಾರು 40 ಲೀಟರ್ ಗಾಳಿ ನುಂಗುತ್ತದೆ. ಹೊಸ ಇಂಟರ್‌ಕೂಲರ್‌ನಲ್ಲಿ ಮೂರು ಲೀಟರ್ ಜಾಗ ಜಾಸ್ತಿ ಇದ್ದರೂ ಅದು ತುಂಬಲು ಕಾಲು ಸೆಕೆಂಡೂ ಬೇಡ. ಕಾಲಿಗೆ ಗೊತ್ತಾಗುವಷ್ಟು ಲ್ಯಾಗ್ ಬಂದಿದ್ದರೆ ಹೊಸ ಜೋಡಣೆಯಲ್ಲೇ ಸೋರಿಕೆ ಇದೆ. ಮತ್ತೆ ಸೋಪಿನ ನೀರು ಹಿಡಿಯಿರಿ.

ಸೋರುವುದಕ್ಕೆ ಮುಖ್ಯ ಕಾರಣ ಪೈಪಿನ ತುದಿ. ಲೋಕಲ್‌ನಲ್ಲಿ ಬೆಂಡ್ ಮಾಡಿಸಿದ ನುಣ್ಣನೆಯ ಪೈಪಿಗೆ ಸಿಲಿಕೋನ್ ಹೋಸ್ ತೊಡಿಸಿ ಎಷ್ಟೇ ಬಿಗಿದರೂ ಬೂಸ್ಟಿಗೆ ಜಾರುತ್ತದೆ. ತುದಿಯ ಸುತ್ತ ಉಬ್ಬು ಅಂಚು ಇರಲೇಬೇಕು. ರೋಲ್ ಮಾಡುವ ಸಾಧನ ಇಲ್ಲದಿದ್ದರೆ ತೆಳ್ಳಗೆ ವೆಲ್ಡಿಂಗ್ ಸುತ್ತಿಸಿ, ಚೂಪು ಉಳಿಯದಂತೆ ಉಜ್ಜಿಸಿ. ಮಾಮೂಲಿ ತಿರುಪಿನ ಕ್ಲಾಂಪ್ ಬದಲು ಟಿ-ಬೋಲ್ಟ್ ಕ್ಲಾಂಪ್ ಹಾಕಿ. ಹೋಸ್ ಕೊಳ್ಳುವಾಗ ಒಳಗೆ ಫ್ಲೋರೋ ಪದರ ಇರುವುದನ್ನು ಕೇಳಿ. ಬರೀ ಸಿಲಿಕೋನ್ ಎಣ್ಣೆಯ ಆವಿಗೆ ಕ್ರಮೇಣ ಮೆತ್ತಗಾಗುತ್ತದೆ, ಹೊರಗೆ ಎಣ್ಣೆ ಒಸರುತ್ತದೆ.

ಗಾಡಿ ಆನ್ ಇದ್ದಾಗ ಇಂಜಿನ್ ಎಷ್ಟು ಅಲುಗುತ್ತದೆ ಅನ್ನೋದನ್ನು ಲೆಕ್ಕಕ್ಕೆ ಹಿಡಿದು ಪೈಪು ಕೂರಿಸಿ. ಇಂಟರ್‌ಕೂಲರ್ ಬಾಡಿಗೆ ಕಟ್ಟಿರುತ್ತದೆ, ಟರ್ಬೊ ಇಂಜಿನ್ ಜೊತೆ ಅಲುಗುತ್ತದೆ. ನಡುವೆ ಮೆತ್ತನೆ ಹೋಸ್ ಸಾಲದಿದ್ದರೆ ಇಂಟರ್‌ಕೂಲರ್‌ನ ವೆಲ್ಡಿಂಗೇ ಬಿರುಕು ಬಿಡುತ್ತದೆ. ನಮ್ಮ ರಸ್ತೆಗಳಲ್ಲಿ ಅದಕ್ಕೆ ಬಹಳ ದಿನ ಬೇಕಾಗಿಲ್ಲ. ಇಂಟರ್‌ಕೂಲರ್ ಕಟ್ಟುವ ಬ್ರ್ಯಾಕೆಟ್‌ಗೆ ರಬ್ಬರ್ ಬುಷ್ ಇರಲಿ.

ಬೂಸ್ಟ್ ಮೊದಲಿಗಿಂತ ಕಡಿಮೆ ತೋರಿಸುತ್ತಿದೆ, ಸೋರಿಕೆ ಇಲ್ಲ ಅಂದರೆ ಇಂಟರ್‌ಕೂಲರ್‌ನ ಒಳಹೋಗುವ ಬಾಯಲ್ಲಿ ಒಂದು, ಹೊರಬರುವ ಬಾಯಲ್ಲಿ ಒಂದು ಗೇಜ್ ಕೂರಿಸಿ ಅಳೆಯಿರಿ. ಪೂರ್ತಿ ಲೋಡ್‌ನಲ್ಲಿ ಎರಡರ ನಡುವೆ 1ರಿಂದ 2 ಪಿಎಸ್‌ಐ ವ್ಯತ್ಯಾಸ ಇದ್ದರೆ ಸರಿ. 3 ದಾಟಿದರೆ ಒಳದಾರಿ ಇಕ್ಕಟ್ಟು. ಅಗ್ಗದ ಇಂಟರ್‌ಕೂಲರ್‌ಗಳಲ್ಲಿ ವೆಲ್ಡಿಂಗ್ ಗಂಟು ಒಳಗೆ ಚಾಚಿಕೊಂಡಿರುತ್ತದೆ, ಪ್ಯಾಕಿಂಗ್ ಕಾಗದ ಒಳಗೇ ಉಳಿದಿರುವುದೂ ಉಂಟು. ಕೂರಿಸುವ ಮೊದಲೇ ಒಳಗೆ ಟಾರ್ಚ್ ಹಾಕಿ ನೋಡಿ, ಗಾಳಿ ಊದಿ, ಲೋಹದ ಪುಡಿ ಇದ್ದರೆ ತೊಳೆದು ಒಣಗಿಸಿ. ಆ ಪುಡಿ ಹೋಗುವುದು ಸೀದಾ ಸಿಲಿಂಡರಿಗೆ.

ಇಂಜಿನ್ ಟ್ಯೂನಿಂಗ್ ಮಾಡಿಸಿ ಡೀಸೆಲ್ ಜಾಸ್ತಿ ಬಿಡಿಸೋಣ ಅಂತ ಕೆಲವರು ಇದರ ಜೊತೆಗೇ ಹೇಳುತ್ತಾರೆ. ನಾನು ಬೇಡ ಅನ್ನುತ್ತೇನೆ. ಡೀಸೆಲ್ ಹೆಚ್ಚಿದರೆ ಎಕ್ಸಾಸ್ಟ್ ಬಿಸಿಯೂ ಹೆಚ್ಚುತ್ತದೆ, ಇಂಟರ್‌ಕೂಲರ್‌ನಿಂದ ಸಿಕ್ಕ ಲಾಭ ಅಲ್ಲೇ ಕಳೆದುಹೋಗುತ್ತದೆ. ದುಡಿಯುವ ಗಾಡಿಗೆ ಅದು ಸಲ್ಲದು.

ಎಲ್ಲ ಆದ ಮೇಲೆ ಮೊದಲಿನ ಏರು, ಮೊದಲಿನ ಲೋಡ್, ಅದೇ ಮೂರನೇ ಗೇರ್‌ನಲ್ಲಿ ಮತ್ತೆ ಅಳತೆ ತೆಗೆಯಿರಿ. ಹಳೆಯ ಅಂಕಿಯ ಪಕ್ಕ ಹೊಸದನ್ನು ಬರೆದಿಡಿ, ಹೊರಗಿನ ಹವಾ ಎಷ್ಟಿತ್ತು ಅನ್ನೋದನ್ನೂ ಸೇರಿಸಿ. ಸುಮಾರು 500 ಕಿಲೋಮೀಟರ್ ಓಡಿದ ಮೇಲೆ ಇಂಜಿನ್ ತಣ್ಣಗಿರುವಾಗ ಎಲ್ಲ ಕ್ಲಾಂಪ್‌ಗಳನ್ನು ಇನ್ನೊಮ್ಮೆ ಬಿಗಿಯಿರಿ. ಹೊಸ ಹೋಸ್ ಬಿಸಿಗೆ ಕೂತುಕೊಂಡು ಸ್ವಲ್ಪ ಸಡಿಲವಾಗಿರುತ್ತದೆ. ತೊಗರಿ ರಾಶಿ ಮುಗಿದ ಮೇಲೆ, ಅಂದರೆ ಫೆಬ್ರವರಿಯಲ್ಲಿ, ಇಂಟರ್‌ಕೂಲರ್ ಮತ್ತು ರೇಡಿಯೇಟರ್ ನಡುವಿನ ಸಂದಿಯನ್ನು ಒಮ್ಮೆ ತೊಳೆಸಿ.